ತೂಬು ಮುಚ್ಚಿದರೂ ಸೋರುವ ಸದ್ದು: ಲೋಪಾಸ್ ಗೇಟ್ ಸೋರಿಕೆ ಪತ್ತೆ ಮತ್ತು ಪರಿಹಾರ

ಮಾಡ್ಯುಲರ್ ಸಿಂತಸೈಜರ್, ಅಂದರೆ ಬಿಡಿ ಮಾಡ್ಯೂಲ್‌ಗಳನ್ನು ಕೇಬಲಿನಿಂದ ಜೋಡಿಸಿ ನುಡಿಸುವ ವಿದ್ಯುತ್ ವಾದ್ಯ ಕಟ್ಟಿಕೊಂಡವರಿಂದ ನನಗೆ ತಿರುತಿರುಗಿ ಬರುವ ಪ್ರಶ್ನೆ ಒಂದಿದೆ. "ಲೋಪಾಸ್ ಗೇಟ್ ಪೂರ್ತಿ ಮುಚ್ಚಿದ್ದೇನೆ, ನಾಬ್ ಸೊನ್ನೆಯಲ್ಲಿದೆ, ಆದರೂ ಆಸಿಲೇಟರ್ ಹಿಂದುಗಡೆ ಸಣ್ಣಗೆ ಕೇಳುತ್ತಲೇ ಇದೆ. ಮಾಡ್ಯೂಲ್ ಕೆಟ್ಟಿದೆಯಾ? ವಾಪಸ್ ಕಳಿಸಲಾ?" ಯಾರೋ ಕೇಳದೆಯೇ ಬಂದು ಹಿಂದೆ ಕೂತು ತಂಬೂರಿ ಮೀಟುತ್ತಿರುವ ಹಾಗಿದೆ ಎಂದು ಒಬ್ಬರು ಬರೆದಿದ್ದರು. ಅದು ಸರಿಯಾದ ವರ್ಣನೆ.

ಕೆರೆಯ ತೂಬು ನೋಡಿದ್ದೀರಲ್ಲ? ಎಷ್ಟೇ ಬಿಗಿಯಾಗಿ ಇಳಿಸಿದರೂ ಕಾಲುವೆಯಲ್ಲಿ ಒಂದು ಎಳೆ ನೀರು ಹರಿಯುತ್ತಲೇ ಇರುತ್ತದೆ. ಆಸಿಲೇಟರ್ ಹುಟ್ಟಿಸುವ ಸದ್ದಿಗೆ ಲೋಪಾಸ್ ಗೇಟ್ ಕೂಡ ಅಂಥದೇ ತೂಬು. ಒಂದಿಷ್ಟು ಸೋರುವುದು ಅದರ ಹುಟ್ಟುಗುಣ. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಗೊತ್ತಾಗಬೇಕಾದದ್ದು ಎರಡು: ನೀವು ಕೇಳುತ್ತಿರುವುದು ನಿಜಕ್ಕೂ ಸೋರಿಕೆಯೇ? ಹೌದಾದರೆ ಸೋರುತ್ತಿರುವುದು ತೂಬೋ, ತೂಬಿನ ಹಿಡಿಯನ್ನು ಯಾರೋ ಪೂರ್ತಿ ಇಳಿಸಿಲ್ಲವೋ? ನಾನು ಕಂಡಂತೆ ಹೆಚ್ಚಿನ ದೂರುಗಳು ಈ ಎರಡನೆಯ ಜಾತಿಯವು. ಅದಕ್ಕೇ ಕೆಳಗಿನ ಹಂತಗಳನ್ನು ಖರ್ಚಿಲ್ಲದ್ದರಿಂದ ಶುರುಮಾಡಿ ಬೆಸುಗೆ ಹಾಕುವವರೆಗೆ ಜೋಡಿಸಿದ್ದೇನೆ. ಕ್ರಮ ತಪ್ಪಿಸಬೇಡಿ.

ಒಳಗೆ ಏನಿದೆ

ಲೋಪಾಸ್ ಗೇಟ್ ಎಂಬ ಹೆಸರು, ಕಲ್ಪನೆ ಎರಡೂ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ವಾದ್ಯ ಕಟ್ಟುತ್ತಿದ್ದ ಡಾನ್ ಬುಕ್ಲಾ ಅವರವು. 1970ರ ಸುಮಾರಿನ ಅವರ 200 ಸರಣಿಯ 292 ಮಾಡ್ಯೂಲ್ ಇವತ್ತಿನ ಬಹುತೇಕ ಲೋಪಾಸ್ ಗೇಟ್‌ಗಳಿಗೆ ಮೂಲ. ಸದ್ದಿನ ಪ್ರಮಾಣವನ್ನೂ ಅದರ ಹೊಳಪನ್ನೂ ಒಟ್ಟೊಟ್ಟಿಗೆ ತಗ್ಗಿಸುವುದು ಅದರ ಕೆಲಸ. ದೇವಸ್ಥಾನದ ಗಂಟೆ ಬಾರಿಸಿದಾಗ 'ಠಣ್' ಎಂಬ ಹೊಳಪು ಮೊದಲು ಅಡಗಿ, ತಳದ ಗುಂಯ್ ನಾದ ಆಮೇಲೆ ನಿಧಾನಕ್ಕೆ ಕರಗುತ್ತದಲ್ಲ, ಆ ನಡೆಯೇ ಇಲ್ಲಿಯೂ ಬರುತ್ತದೆ. ವಿದ್ಯುತ್ತಿನ ಸದ್ದು ತಟ್ಟಿದ ಮರದಂತೆ, ಚರ್ಮವಾದ್ಯದಂತೆ ಕೇಳುವುದು ಇದರಿಂದ.

ಈ ನಡೆಯ ಗುಟ್ಟು ವ್ಯಾಕ್ಟ್ರೋಲ್ ಎಂಬ ಪುಟ್ಟ ಬಿಡಿಭಾಗ. ಬೆಳಕು ನುಗ್ಗದ ಡಬ್ಬಿಯೊಳಗೆ ಒಂದು ಎಲ್‌ಇಡಿ, ಅದರ ಎದುರಿಗೆ ಒಂದು ಎಲ್‌ಡಿಆರ್, ಅಂದರೆ ಬೆಳಕು ಬಿದ್ದಷ್ಟೂ ಪ್ರತಿರೋಧ ಇಳಿಯುವ ರೆಸಿಸ್ಟರ್. ಗೇಟ್ ಎಷ್ಟು ತೆರೆಯಬೇಕೆಂದು ಹೇಳುವ ನಿಮ್ಮ ಕಂಟ್ರೋಲ್ ವೋಲ್ಟೇಜ್ ಎಲ್‌ಇಡಿಯನ್ನು ಬೆಳಗಿಸುತ್ತದೆ, ಸದ್ದು ಎಲ್‌ಡಿಆರ್ ಮೂಲಕ ಹಾಯುತ್ತದೆ. ದೀಪ ಜೋರಾದರೆ ದಾರಿ ತೆರೆಯುತ್ತದೆ, ಆರಿದರೆ ಮುಚ್ಚುತ್ತದೆ. ವ್ಯಾಕ್ಟ್ರೋಲ್ ಎಂಬುದು ಮೂಲದಲ್ಲಿ ವ್ಯಾಕ್ಟೆಕ್ ಎಂಬ ಅಮೆರಿಕನ್ ಕಂಪನಿಯ ವ್ಯಾಪಾರದ ಹೆಸರು. ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ತೊಡಕು ಇರುವುದು 'ಆರಿದರೆ' ಎಂಬಲ್ಲಿ. ಕತ್ತಲಲ್ಲಿಯೂ ಎಲ್‌ಡಿಆರ್‌ನ ಪ್ರತಿರೋಧ ಅನಂತವಲ್ಲ. ಲೋಪಾಸ್ ಗೇಟ್‌ಗಳಲ್ಲಿ ಹೆಚ್ಚಾಗಿ ಸಿಗುವ ವಿಟಿಎಲ್5ಸಿ3 ವ್ಯಾಕ್ಟ್ರೋಲ್‌ನಲ್ಲಿ ಅದು ಸುಮಾರು 10 ಮೆಗಾಓಮ್. ಅಲ್ಲಿಗೆ ಮುಟ್ಟುವುದೂ ತಕ್ಷಣವಲ್ಲ. ದೀಪ ಆರಿದ ಮೇಲೆ 100 ಕಿಲೋಓಮ್‌ಗೆ ಏರಲು 35 ಮಿಲಿಸೆಕೆಂಡ್ ಸಾಕು, ಆದರೆ ಆಮೇಲಿನ ದಾರಿ ಉದ್ದ. ತಯಾರಕರು ಕೊಡುವ ಕತ್ತಲ ಅಳತೆಯೇ ದೀಪ ಆರಿಸಿ 10 ಸೆಕೆಂಡ್ ಕಾದ ಮೇಲಿನದು.

ಇದನ್ನು ಲೆಕ್ಕಕ್ಕೆ ಇಳಿಸೋಣ. ಸದ್ದು ಎಲ್‌ಡಿಆರ್ ದಾಟಿ ಬಂದಲ್ಲಿ 4.7 ಕಿಲೋಓಮ್‌ನ ಒಂದು ರೆಸಿಸ್ಟರ್ ಅದನ್ನು ಗ್ರೌಂಡಿಗೆ ಎಳೆಯುತ್ತಿದೆ ಎಂದುಕೊಳ್ಳಿ. ಎಲ್‌ಡಿಆರ್ 100 ಕಿಲೋಓಮ್‌ನಲ್ಲಿದ್ದಾಗ ಸದ್ದು ತಗ್ಗುವುದು ಸುಮಾರು 27 ಡೆಸಿಬೆಲ್ ಮಾತ್ರ. 1 ಮೆಗಾಓಮ್‌ಗೆ ಏರಿದರೆ ಸುಮಾರು 47, 10 ಮೆಗಾಓಮ್ ಮುಟ್ಟಿದರೆ ಸುಮಾರು 67. ಪ್ರತಿ 20 ಡೆಸಿಬೆಲ್‌ಗೆ ವೋಲ್ಟೇಜ್ ಹತ್ತರಲ್ಲಿ ಒಂದಾಗುತ್ತದೆ. ಇವತ್ತಿನ ಮಾಡ್ಯೂಲ್‌ಗಳ ರೂಢಿಯ ಮಾದರಿಯಾದ ಯೂರೋರ‍್ಯಾಕ್‌ನ 10 ವೋಲ್ಟ್ ಸದ್ದು 67 ಡೆಸಿಬೆಲ್ ತಗ್ಗಿದರೆ ಉಳಿಯುವುದು 5 ಮಿಲಿವೋಲ್ಟ್‌ಗೂ ಕಡಿಮೆ. ಸ್ಪೀಕರಿನಲ್ಲಿ ಅದು ಬೇರೆ ಸದ್ದುಗಳ ನಡುವೆ ಮುಳುಗಿಹೋಗುತ್ತದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ವಾಲ್ಯೂಮ್ ಏರಿಸಿದರೆ ಕೇಳುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಮಲ್ಟಿಮೀಟರ್, ಎರಡು ಮೂರು ಪ್ಯಾಚ್ ಕೇಬಲ್, ಹೆಡ್‌ಫೋನ್, ರೆಕಾರ್ಡ್ ಮಾಡಿಕೊಳ್ಳಲು ಕಂಪ್ಯೂಟರ್ ಮತ್ತು ಆಡಿಯೋ ಇಂಟರ್‌ಫೇಸ್. ಅಟೆನ್ಯುವರ್ಟರ್ ಇರುವ ಯಾವುದಾದರೂ ಮಾಡ್ಯೂಲ್ ಇದ್ದರೆ ಅನುಕೂಲ. ಸಿಗ್ನಲ್ ತಗ್ಗಿಸುವ ಜೊತೆಗೆ ತಲೆಕೆಳಗು ಮಾಡಲೂ ಬರುವ ನಾಬ್‌ಗೆ ಆ ಹೆಸರು. ಕೊನೆಯ ಹಂತಗಳಿಗೆ ಸಣ್ಣ ಸ್ಕ್ರೂಡ್ರೈವರ್ ಬೇಕಾಗುತ್ತದೆ, ಸಾಧ್ಯವಾದರೆ ಪ್ಲಾಸ್ಟಿಕ್ ತುದಿಯದು.

ಹಂತ 1: ಇದು ಸೋರಿಕೆಯೋ, ಬಾಲವೋ?

ಎಲ್ಲ ಕೇಬಲ್ ಕಿತ್ತುಹಾಕಿ. ಆಸಿಲೇಟರ್‌ನಿಂದ ಗೇಟ್‌ನ ಇನ್‌ಪುಟ್‌ಗೆ ಒಂದು, ಗೇಟ್‌ನಿಂದ ಇಂಟರ್‌ಫೇಸಿಗೆ ಇನ್ನೊಂದು, ಇಷ್ಟೇ ಇರಲಿ. ಕಂಟ್ರೋಲ್ ಇನ್‌ಪುಟ್ ಖಾಲಿ. ನಾಬ್ ಪೂರ್ತಿ ತೆರೆದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ನಾಬ್ ಪೂರ್ತಿ ಇಳಿಸಿ, ಅರ್ಧ ನಿಮಿಷ ಸುಮ್ಮನೆ ಕೂತು, ಆಮೇಲೆ ಮತ್ತೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಎರಡರ ಮಟ್ಟವನ್ನು ಮೀಟರಿನಲ್ಲಿ ಹೋಲಿಸಿ.

ಆ ಅರ್ಧ ನಿಮಿಷ ಕಾಯುವುದನ್ನೇ ಎಲ್ಲರೂ ಬಿಡುತ್ತಾರೆ. ನಾಬ್ ಇಳಿಸಿದ ಕೂಡಲೇ ಕೇಳುವುದು ವ್ಯಾಕ್ಟ್ರೋಲ್‌ನ ಬಾಲ. ಕಾದ ಮೇಲೂ ಉಳಿಯುವುದು ಸೋರಿಕೆ. ಬಾಲ ಬೇಡವಾದರೆ ವ್ಯಾಕ್ಟ್ರೋಲ್ ಗೇಟ್ ನಿಮ್ಮ ಸಾಧನವೇ ಅಲ್ಲ. ಮೇಕ್ ನಾಯ್ಸ್‌ನ ಡೈನಾಮಿಕ್ಸ್, ರ‍್ಯಾಬಿಡ್ ಎಲಿಫೆಂಟ್‌ನ ನ್ಯಾಚುರಲ್ ಗೇಟ್ ಮುಂತಾದ ವ್ಯಾಕ್ಟ್ರೋಲ್ ಇಲ್ಲದ ಗೇಟ್‌ಗಳನ್ನು ನೋಡಿ.

ತೆರೆದ ಮತ್ತು ಮುಚ್ಚಿದ ಮಟ್ಟಗಳ ನಡುವೆ 60 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಅಂತರ ಇದ್ದರೆ ನಾನು ಮಾಡ್ಯೂಲನ್ನು ಮುಟ್ಟುವುದಿಲ್ಲ. ಐದನೇ ಹಂತಕ್ಕೆ ಹೋಗುತ್ತೇನೆ. 40ಕ್ಕಿಂತ ಕಡಿಮೆ ಇದ್ದರೆ ಎಲ್ಲೋ ಏನೋ ತಪ್ಪಿದೆ ಎಂದು ಹಿಡಿಯುತ್ತೇನೆ. ಇದು ನನ್ನ ಸ್ವಂತ ಅಳತೆಗೋಲು, ಯಾವ ತಯಾರಕರದೂ ಅಲ್ಲ.

ಹಂತ 2: ಗೇಟ್ ಮೂಲಕವೇ ಬರುತ್ತಿದೆಯೇ?

ಈಗ ಗೇಟ್‌ನ ಇನ್‌ಪುಟ್ ಕೇಬಲನ್ನು ಗೇಟ್‌ನ ಬದಿಯಲ್ಲಿ ಕಿತ್ತುಬಿಡಿ. ಆಸಿಲೇಟರ್ ಓಡುತ್ತಲೇ ಇರಲಿ. ಸದ್ದು ಪೂರ್ತಿ ನಿಂತರೆ ಅದು ಗೇಟ್ ಮೂಲಕ ಬರುತ್ತಿತ್ತು, ಮುಂದಿನ ಹಂತಕ್ಕೆ ನಡೆಯಿರಿ.

ಕಿತ್ತ ಮೇಲೂ ಆಸಿಲೇಟರ್ ಕೇಳುತ್ತಿದ್ದರೆ ಗೇಟ್‌ನ ತಪ್ಪಿಲ್ಲ. ಸದ್ದು ಅಡ್ಡದಾರಿ ಹಿಡಿದಿದೆ: ಪವರ್ ಸಪ್ಲೈ ಮೂಲಕ, ಪಕ್ಕದ ಚಾನೆಲ್ ಮೂಲಕ, ಇಲ್ಲವೇ ಮಿಕ್ಸರಿನಲ್ಲಿ. ತುಂಬ ಸಲ ಅದೇ ಆಸಿಲೇಟರ್‌ನ ಇನ್ನೊಂದು ಔಟ್‌ಪುಟ್ ಬೇರೆಲ್ಲೋ ಮಿಕ್ಸರಿಗೆ ಹೋಗಿರುತ್ತದೆ, ಫೇಡರ್ ಸ್ವಲ್ಪ ಮೇಲಿರುತ್ತದೆ. ನಗಬೇಡಿ, ಒಂದು ಇಡೀ ಸಂಜೆ ನಾನು ಇದನ್ನೇ ಹುಡುಕಿದ್ದೇನೆ. ಎರಡು ಚಾನೆಲ್‌ಗಳ ಗೇಟ್ ಆದರೆ ಇನ್ನೊಂದು ಚಾನೆಲ್ ಕೂಡ ಮಿಕ್ಸ್ ಔಟ್‌ಪುಟ್‌ಗೆ ಸೇರುತ್ತಿದೆಯೇ ನೋಡಿ. ಇದ್ಯಾವುದೂ ಅಲ್ಲವಾದರೆ ಮಾಡ್ಯೂಲನ್ನು ಕೇಸಿನಲ್ಲಿ ಬೇರೆ ಕಡೆಗೆ, ಬೇರೆ ಪವರ್ ಕೇಬಲಿಗೆ ಬದಲಿಸಿ ನೋಡಿ.

ಕೇಳುತ್ತಿರುವುದು ಆಸಿಲೇಟರ್‌ನ ಸ್ವರವಲ್ಲ, ಒಂದೇ ಎತ್ತರದ ಗುಂಯ್ ಎಂದಾದರೆ ಅದು ಕರೆಂಟಿನ ಹಮ್. ನಮ್ಮಲ್ಲಿ 50 ಅಥವಾ 100 ಹರ್ಟ್ಸ್‌ನಲ್ಲಿ ಇರುತ್ತದೆ. ಅದಕ್ಕೂ ಲೋಪಾಸ್ ಗೇಟ್‌ಗೂ ಸಂಬಂಧವಿಲ್ಲ, ಗ್ರೌಂಡಿಂಗ್ ನೋಡಿಸಿ.

ಹಂತ 3: ಹಿಡಿ ಪೂರ್ತಿ ಇಳಿದಿದೆಯೇ?

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವ ತಾಳ್ಮೆ ಇದ್ದರೆ ಇದನ್ನು ಮಾಡಿ.

ಒಂದನೇ ಹಂತದಲ್ಲಿ ಕಂಟ್ರೋಲ್ ಇನ್‌ಪುಟ್ ಖಾಲಿ ಇದ್ದಾಗ ಸೋರಿಕೆ ಇರಲಿಲ್ಲ, ಎನ್ವಲಪ್ ಜೋಡಿಸಿದರೆ ಬರುತ್ತದೆ ಎಂದಾದರೆ ತಪ್ಪು ಎನ್ವಲಪ್ ಕಡೆಯದು. ಸದ್ದಿನ ಏರಿಳಿತವನ್ನು ರೂಪಿಸುವ ವೋಲ್ಟೇಜ್‌ಗೆ ಎನ್ವಲಪ್ ಎನ್ನುತ್ತೇವೆ. ಅದು ವಿಶ್ರಾಂತಿಯಲ್ಲಿರುವಾಗ ನಿಜಕ್ಕೂ 0 ವೋಲ್ಟ್‌ಗೆ ಇಳಿಯುತ್ತಿದೆಯೇ ಎಂದು ಅಳೆಯಿರಿ. ಎನ್ವಲಪ್‌ನ ಔಟ್‌ಪುಟ್‌ಗೆ ಪ್ಯಾಚ್ ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಜಾಕಿನ ಚೂಪಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಬುಡದ ಲೋಹಕ್ಕೆ ಕಪ್ಪು ಕಡ್ಡಿ ತಾಗಿಸಿ, ಡಿಸಿ ವೋಲ್ಟ್‌ನಲ್ಲಿ ಓದಿ. ಎರಡು ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಕೆಲವು ಮಿಲಿವೋಲ್ಟ್ ತೋರಿಸಿದರೆ ತಲೆಕೆಡಿಸಿಕೊಳ್ಳಬೇಡಿ. ನೂರಾರು ಮಿಲಿವೋಲ್ಟ್ ಇದ್ದರೆ ನಿಮ್ಮ ಕಳ್ಳ ಸಿಕ್ಕ. ಎಲ್‌ಇಡಿಗೆ ಒಂದು ಹೊಸ್ತಿಲು ಇರುತ್ತದೆ, ಅದಕ್ಕಿಂತ ಕಡಿಮೆ ವೋಲ್ಟೇಜಿಗೆ ಅದು ಬೆಳಗುವುದೇ ಇಲ್ಲ. ಆದರೆ ಸಣ್ಣ ಎನ್ವಲಪ್‌ಗೂ ಗೇಟ್ ಓಗೊಡಲಿ ಎಂದು ತಯಾರಕರು ಎಲ್‌ಇಡಿಯನ್ನು ಆ ಹೊಸ್ತಿಲ ಅಂಚಿಗೇ ತಂದು ನಿಲ್ಲಿಸಿರುತ್ತಾರೆ. ಅಲ್ಲಿ ನಿಂತವನನ್ನು ಒಳಗೆ ತಳ್ಳಲು ಚಿಕ್ಕ ನೂಕು ಸಾಕು.

ಹೆಚ್ಚುವರಿ ವೋಲ್ಟೇಜ್ ಬರುವ ಮಾಮೂಲಿ ಜಾಗಗಳು: ಎಡಿಎಸ್‌ಆರ್‌ನ (ನಾಲ್ಕು ಘಟ್ಟಗಳ ಎನ್ವಲಪ್) ಸಸ್ಟೇನ್, ಅಂದರೆ ನಿಂತ ಮಟ್ಟ, ಸೊನ್ನೆಗೆ ಬಂದಿಲ್ಲ ಮತ್ತು ಅದನ್ನು ತೆರೆದಿಡುವ ಗೇಟ್ ಸಿಗ್ನಲ್ (ಲೋಪಾಸ್ ಗೇಟ್ ಅಲ್ಲ, ಸ್ವರ ಹಿಡಿದಷ್ಟು ಹೊತ್ತು ಬರುವ ವೋಲ್ಟೇಜ್) ಇನ್ನೂ ಮೇಲೆಯೇ ಇದೆ, ಎನ್ವಲಪ್ ಇಳಿಯುವ ಸಮಯ ಎಷ್ಟು ಉದ್ದವೆಂದರೆ ಮುಂದಿನ ಪೆಟ್ಟು ಬೀಳುವಷ್ಟರಲ್ಲಿ ಅದು ತಳ ಮುಟ್ಟಿಯೇ ಇಲ್ಲ, ಸೀಕ್ವೆನ್ಸರಿನ ವೆಲಾಸಿಟಿ ಔಟ್‌ಪುಟ್ ಕೊನೆಯ ಬೆಲೆಯನ್ನೇ ಹಿಡಿದು ಕೂತಿದೆ.

ಮೇಕ್ ನಾಯ್ಸ್‌ನ ಮ್ಯಾತ್ಸ್ (ಎನ್ವಲಪ್ ಹುಟ್ಟಿಸುವ, ವೋಲ್ಟೇಜ್‌ಗಳನ್ನು ಕೂಡಿಸಿ ಸಮ್ ಔಟ್‌ಪುಟ್‌ನಲ್ಲಿ ಕೊಡುವ ನಾಲ್ಕು ಚಾನೆಲ್‌ಗಳ ಮಾಡ್ಯೂಲ್) ಇಟ್ಟುಕೊಂಡವರಿಗೆ ಬೇರೆಯದೇ ಹಳ್ಳವೊಂದಿದೆ. ಅದರ ಎರಡನೇ ಮತ್ತು ಮೂರನೇ ಚಾನೆಲ್‌ಗಳ ಇನ್‌ಪುಟ್ ಖಾಲಿ ಬಿಟ್ಟರೆ ಒಳಗಿನಿಂದಲೇ ಕ್ರಮವಾಗಿ 10 ಮತ್ತು 5 ವೋಲ್ಟ್ ಬರುತ್ತದೆ. ಒಂದನೇ ಚಾನೆಲ್‌ನ ಎನ್ವಲಪನ್ನು ಸಮ್ ಔಟ್‌ಪುಟ್‌ನಿಂದ ತೆಗೆಯುತ್ತಿದ್ದು, ನಡುವಿನ ನಾಬ್‌ಗಳು ಹನ್ನೆರಡು ಗಂಟೆಯ ಜಾಗದಿಂದ ಕೂದಲೆಳೆಯಷ್ಟು ಬಲಕ್ಕೆ ಸರಿದಿದ್ದರೆ ಗೇಟ್ ಎಂದೂ ಮುಚ್ಚುವುದಿಲ್ಲ. ಕಣ್ಣಿಗೆ ನಾಬ್ ನೆಟ್ಟಗೇ ಕಾಣುತ್ತದೆ. ಸಮ್ ಬಿಟ್ಟು ಆ ಚಾನೆಲ್‌ನದೇ ಔಟ್‌ಪುಟ್ ಬಳಸಿ, ಅಥವಾ ನಡುವಿನ ಚಾನೆಲ್‌ಗಳ ಔಟ್‌ಪುಟ್‌ಗೆ ಇನ್ನೊಂದು ತುದಿ ಎಲ್ಲಿಗೂ ಹೋಗದ ಕೇಬಲ್ ಚುಚ್ಚಿ ಅವನ್ನು ಸಮ್‌ನಿಂದ ಹೊರಗಿಡಿ.

ಹಂತ 4: ಮೋಡ್ ಸ್ವಿಚ್ ಎಲ್ಲಿದೆ?

292ರಲ್ಲಿಯೂ ಡೋಪ್‌ಫರ್‌ನ ಎ-101-2ರಂಥ ಮಾಡ್ಯೂಲ್‌ಗಳಲ್ಲಿಯೂ ಮೂರು ಮೋಡ್ ಇರುತ್ತವೆ: ಬರೀ ಪ್ರಮಾಣ ತಗ್ಗಿಸುವ ವಿಸಿಎ, ಬರೀ ಹೊಳಪು ತಗ್ಗಿಸುವ ಲೋಪಾಸ್, ಎರಡೂ ಸೇರಿದ್ದು.

ಬರೀ ಲೋಪಾಸ್‌ನಲ್ಲಿ ಇಟ್ಟು ಸೋರುತ್ತದೆ ಎಂದು ದೂರುವವರಿಗೆ ಈ ಲೆಕ್ಕ. ಆ ಮೋಡ್‌ನಲ್ಲಿ ಸದ್ದನ್ನು ಗ್ರೌಂಡಿಗೆ ಎಳೆಯುವ ರೆಸಿಸ್ಟರ್ ಇರುವುದಿಲ್ಲ, ಕೆಪ್ಯಾಸಿಟರ್ ಮಾತ್ರ. ಕೆಪ್ಯಾಸಿಟರ್ 1 ನ್ಯಾನೋಫ್ಯಾರಡ್, ಎಲ್‌ಡಿಆರ್ 500 ಕಿಲೋಓಮ್ ಎಂದುಕೊಂಡರೆ ಫಿಲ್ಟರ್ ಮುಚ್ಚುವುದು ಸುಮಾರು 318 ಹರ್ಟ್ಸ್‌ನಲ್ಲಿ. ಅದರ ಕೆಳಗಿನ ಬೇಸ್ ಹೆಚ್ಚುಕಡಿಮೆ ಇಡಿಯಾಗಿ ದಾಟುತ್ತದೆ. ಎಲ್‌ಡಿಆರ್ 10 ಮೆಗಾಓಮ್ ಮುಟ್ಟಿದಾಗಲೇ ಅದು 16 ಹರ್ಟ್ಸ್‌ಗೆ ಇಳಿದು ಸದ್ದು ಅಡಗುವುದು. ಅಂದರೆ ಲೋಪಾಸ್ ಮೋಡ್‌ನಲ್ಲಿ ಬೇಸ್ ಸೋರುವುದು ದೋಷವಲ್ಲ, ಅದು ಫಿಲ್ಟರ್ ಮಾಡುವ ಕೆಲಸ. ಸ್ವಿಚ್ಚನ್ನು ಎರಡೂ ಸೇರಿದ ಮೋಡ್‌ಗೆ ತಳ್ಳಿ. ಲೋಪಾಸ್ ಮೋಡೇ ಬೇಕೆಂದರೆ ಗೇಟ್‌ನ ನಂತರ ಒಂದು ವಿಸಿಎ ಇಡಿ, ಅಂದರೆ ವೋಲ್ಟೇಜಿಗೆ ತಕ್ಕಂತೆ ಸದ್ದಿನ ಪ್ರಮಾಣ ಬದಲಿಸುವ ಮಾಡ್ಯೂಲ್.

ವಿಸಿಎ ಮೋಡ್‌ನಲ್ಲಿ ತದ್ವಿರುದ್ಧ ತೊಂದರೆ, ಇಲ್ಲಿ ಸೋರುವುದು ಮೇಲಿನ ಸ್ವರಗಳು. ಎಲ್‌ಡಿಆರ್‌ನ ಎರಡು ತುದಿಗಳ ನಡುವೆ ಕೆಲವು ಪಿಕೋಫ್ಯಾರಡ್ ಕೆಪ್ಯಾಸಿಟನ್ಸ್ ತಾನಾಗಿಯೇ ಇರುತ್ತದೆ. 5 ಪಿಕೋಫ್ಯಾರಡ್ ಎಂದರೂ 10 ಕಿಲೋಹರ್ಟ್ಸ್‌ನಲ್ಲಿ ಅದು 3.2 ಮೆಗಾಓಮ್‌ನ ಕಳ್ಳದಾರಿ. ಸಾ-ಟೂತ್ ಅಲೆ, ನಾಯ್ಸ್ ಮುಂತಾದ ಚುರುಕು ಸದ್ದುಗಳ 'ಸ್ಸ್' ಮಾತ್ರ ತೆಳ್ಳಗೆ ಕೇಳಿದರೆ ಕಾರಣ ಇದೇ. ಎರಡೂ ಸೇರಿದ ಮೋಡ್‌ನಲ್ಲಿ ಕೆಪ್ಯಾಸಿಟರ್ ಅದನ್ನೂ ನುಂಗುತ್ತದೆ.

ಹಂತ 5: ಹರಿವನ್ನೇ ತಗ್ಗಿಸಿ, ಮುಂದಿನ ಗೇನ್ ಇಳಿಸಿ

ತೂಬು ಎಷ್ಟು ಸೋರುತ್ತದೆ ಎಂಬುದು ಕೆರೆಯಲ್ಲಿ ಎಷ್ಟು ನೀರಿದೆ ಎಂಬುದರ ಮೇಲೆ. ಹಾಗೆಂದು ಬರೀ ಇನ್‌ಪುಟ್ ಅರ್ಧ ಮಾಡಿದರೆ ಸೋರಿಕೆಯ ಜೊತೆ ಒಳ್ಳೆಯ ಸದ್ದೂ ಅರ್ಧವಾಗುತ್ತದೆ, ಅಂತರ ಅಷ್ಟೇ ಉಳಿಯುತ್ತದೆ. ಆಮೇಲೆ ನೀವು ಮಿಕ್ಸರ್ ಏರಿಸುತ್ತೀರಿ, ಮೊದಲಿದ್ದಲ್ಲಿಗೇ ಬರುತ್ತೀರಿ. ಈ ತಪ್ಪನ್ನು 'ಇನ್‌ಪುಟ್ ತಗ್ಗಿಸಿ' ಎಂದು ಸಲಹೆ ಕೊಡುವವರೂ ಮಾಡುತ್ತಾರೆ.

ಲಾಭ ಸಿಗುವುದು ಗೇಟ್‌ನ ನಂತರ. ಡಿಸ್ಟಾರ್ಷನ್ ಮತ್ತು ಕಂಪ್ರೆಸರ್ ಎರಡೂ ಜೋರು ಸದ್ದನ್ನು ಒತ್ತಿಹಿಡಿದು ಸಣ್ಣ ಸದ್ದನ್ನು ಮೇಲೆತ್ತುತ್ತವೆ. ಕಂಪ್ರೆಸರಿನಲ್ಲಿ ಒತ್ತಿದ ಸದ್ದನ್ನು ಮತ್ತೆ ಎತ್ತಲು 20 ಡೆಸಿಬೆಲ್ ಮೇಕಪ್ ಗೇನ್ ಕೊಟ್ಟರೆ ಸೋರಿಕೆಯೂ 20 ಡೆಸಿಬೆಲ್ ಎದ್ದು ಬರುತ್ತದೆ. 60 ಡೆಸಿಬೆಲ್ ಅಂತರದ ಒಳ್ಳೆಯ ಗೇಟ್ ಆಗ 40ರ ಕೆಟ್ಟ ಗೇಟ್‌ನಂತೆ ಕೇಳುತ್ತದೆ. ಆದ್ದರಿಂದ ಡಿಸ್ಟಾರ್ಷನ್, ಅಲೆಯನ್ನು ಮಡಚಿ ಹೊಳಪು ಕೂಡಿಸುವ ವೇವ್‌ಫೋಲ್ಡರ್‌ಗಳನ್ನು ಗೇಟ್‌ನ ಮುಂಚೆ ಇಡಿ. ಬುಕ್ಲಾ ಸಂಪ್ರದಾಯದಲ್ಲಿಯೂ ಆಸಿಲೇಟರ್‌ನಿಂದ ವೇವ್‌ಫೋಲ್ಡರ್, ಅಲ್ಲಿಂದ ಗೇಟ್ ಎಂಬುದೇ ರೂಢಿಯ ಸಾಲು. ರಿವರ್ಬ್ ಮಾತ್ರ ಗೇಟ್‌ನ ನಂತರವೇ ಬರಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಸೋರಿಕೆ ರಿವರ್ಬ್‌ಗೆ ಸೇರಿ ಮೋಡದಂತೆ ತುಂಬುತ್ತಿದ್ದರೆ ರಿವರ್ಬ್‌ಗೆ ಹೋಗುವ ಸೆಂಡನ್ನು ತಗ್ಗಿಸಿ, ಇಲ್ಲವೇ ಏಳನೇ ಹಂತ ನೋಡಿ.

ಹಂತ 6: ಚೂರು ಋಣ ವೋಲ್ಟೇಜ್ ಕೊಡಿ

ಎಲ್‌ಇಡಿ ಹೊಸ್ತಿಲ ಅಂಚಿನಲ್ಲಿದೆ ಎಂದೆನಲ್ಲ, ಅದನ್ನು ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸೋಣ. ಎನ್ವಲಪ್‌ಗೆ ಸಣ್ಣ ಋಣ ಆಫ್‌ಸೆಟ್ ಕೂಡಿಸಿ ಕಂಟ್ರೋಲ್ ಇನ್‌ಪುಟ್‌ಗೆ ಕೊಡಬೇಕು. ಆಫ್‌ಸೆಟ್ ಎಂದರೆ ಬದಲಾಗದೆ ನಿಂತ ವೋಲ್ಟೇಜ್. ಮೇಲೆ ಹಳ್ಳ ಎಂದು ತೋರಿಸಿದ ಮ್ಯಾತ್ಸ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದನೇ ಚಾನೆಲ್‌ನಲ್ಲಿ ಎನ್ವಲಪ್, ಅದರ ನಾಬ್ ಪೂರ್ತಿ ಬಲಕ್ಕೆ. ಎರಡನೇ ಚಾನೆಲ್‌ನ ಔಟ್‌ಪುಟ್‌ಗೆ ಖಾಲಿ ಕೇಬಲ್ ಚುಚ್ಚಿ ಅದನ್ನು ಹೊರಗಿಡಿ, ನಾಲ್ಕನೆಯದೂ ಬಳಕೆಯಲ್ಲಿಲ್ಲದಿದ್ದರೆ ಅದಕ್ಕೂ ಹಾಗೇ ಮಾಡಿ. ಮೂರನೇ ಚಾನೆಲ್‌ನ ಇನ್‌ಪುಟ್ ಖಾಲಿ ಬಿಟ್ಟು ನಾಬ್ ಹನ್ನೆರಡು ಗಂಟೆಯಿಂದ ಸ್ವಲ್ಪವೇ ಎಡಕ್ಕೆ. ಸಮ್ ಔಟ್‌ಪುಟ್‌ನಿಂದ ಗೇಟ್‌ಗೆ.

ಎಷ್ಟು ಬೇಕು? ಮೈನಸ್ 0.2ರಿಂದ 0.5 ವೋಲ್ಟ್‌ನೊಳಗೆ ಕೆಲಸ ಆಗದಿದ್ದರೆ ಈ ದಾರಿ ಬಿಡಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಎನ್ವಲಪ್‌ನ ತಲೆ ಮಾತ್ರ ಹೊಸ್ತಿಲು ದಾಟುತ್ತದೆ, ಮೆಲುವಾದ ಪೆಟ್ಟುಗಳು ಕಾಣೆಯಾಗುತ್ತವೆ. ಬಾಲವೂ ಕತ್ತರಿಸಿದಂತೆ ಮೊಟಕಾಗುತ್ತದೆ. ಪೆಟ್ಟು ಬಿಟ್ಟು ಬಿಟ್ಟು ಬೀಳುವ ತಾಳಗಳಿಗೆ ಈ ಮೊಟಕು ಚೆನ್ನಾಗಿಯೇ ಒಪ್ಪುತ್ತದೆ, ನಿಧಾನದ ಸ್ವರಗಳಿಗೆ ಒಪ್ಪುವುದಿಲ್ಲ.

ಎಲ್‌ಇಡಿ ಮೊದಲೇ ಪೂರ್ತಿ ಆರಿದ್ದರೆ ಋಣ ವೋಲ್ಟೇಜ್‌ನಿಂದ ಏನೂ ಬದಲಾಗುವುದಿಲ್ಲ. ಆರಿದ ದೀಪವನ್ನು ಮತ್ತಷ್ಟು ಆರಿಸಲು ಬರುವುದಿಲ್ಲ. ಹಾಗಾಗಿ ಇದು ಪರೀಕ್ಷೆಯೂ ಹೌದು. ಋಣ ವೋಲ್ಟೇಜ್ ಕೊಟ್ಟಾಗ ಸೋರಿಕೆ ನಿಂತರೆ ಟ್ರಿಮ್ಮರ್ ಹೊಂದಿಸಿದರೆ ಸಾಕು, ಎಂಟನೇ ಹಂತ ನಿಮಗೆ. ಒಂಚೂರೂ ಬದಲಾಗದಿದ್ದರೆ ತೊಂದರೆ ಎಲ್‌ಡಿಆರ್‌ನದು, ಒಂಬತ್ತನೆಯದು ನಿಮಗೆ.

ಹಂತ 7: ಎರಡನೇ ತೂಬು

ನಾನು ನಿತ್ಯ ಬಳಸುವ ಉಪಾಯ ಇದು. ಲೋಪಾಸ್ ಗೇಟ್‌ನ ಜೊತೆ ಸಾಲಿನಲ್ಲಿ ಒಂದು ಸಾಧಾರಣ ವಿಸಿಎ ಇಟ್ಟು, ಎರಡನ್ನೂ ಒಟ್ಟಿಗೆ ತೆರೆದು ಮುಚ್ಚುವುದು.  ಇಬ್ಬರ ತಗ್ಗಿಸುವಿಕೆಯೂ ಡೆಸಿಬೆಲ್‌ನಲ್ಲಿ ಕೂಡುತ್ತದೆ, 45 ಮತ್ತು 70 ಸೇರಿ 115. ಅಲ್ಲಿಗೆ ಸೋರಿಕೆ ಯಂತ್ರದ ಸ್ವಂತ ನಾಯ್ಸ್‌ನಡಿ ಹೂತುಹೋಗುತ್ತದೆ.

ವಿಸಿಎ ಮುಂದೆಯೋ ಹಿಂದೆಯೋ? ಎರಡಕ್ಕೂ ಒಂದೇ ಎನ್ವಲಪ್ ಕೊಟ್ಟು ಹಿಂದೆ, ಅಂದರೆ ಗೇಟ್‌ನ ನಂತರ ಇಟ್ಟರೆ ಅದು ವ್ಯಾಕ್ಟ್ರೋಲ್‌ನ ಬಾಲವನ್ನೂ ಕತ್ತರಿಸಿಬಿಡುತ್ತದೆ, ಆಗ ಲೋಪಾಸ್ ಗೇಟ್ ಇಟ್ಟುಕೊಂಡು ಏನು ಪ್ರಯೋಜನ? ಮುಂದೆ ಇಟ್ಟರೂ ಅದೇ ಗತಿ, ಮೂಲವೇ ನಿಂತ ಮೇಲೆ ಬಾಲ ಎಲ್ಲಿಂದ ಬರಬೇಕು. ಆದ್ದರಿಂದ ವಿಸಿಎಗೆ ಕೊಡುವ ಎನ್ವಲಪ್ ಬೇರೆಯೇ ಇರಲಿ, ಇಳಿಯುವ ಸಮಯ ಗೇಟ್‌ನ ಬಾಲಕ್ಕಿಂತ ಉದ್ದ ಇರಲಿ. ಎರಡನೇ ಎನ್ವಲಪ್ ಇಲ್ಲದವರು ಗೇಟ್‌ಗೆ ಬರೀ ಟ್ರಿಗರ್, ಅಂದರೆ ಕ್ಷಣಮಾತ್ರದ ವೋಲ್ಟೇಜ್ ಪೆಟ್ಟು, ಕೊಟ್ಟು ಅದನ್ನು ತಟ್ಟಲಿ, ಇರುವ ಒಂದು ಎನ್ವಲಪನ್ನು ವಿಸಿಎಗೆ ಕೊಡಲಿ.

ಮೂಲ ಸದ್ದು ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಪ್ಲೇಟ್ಸ್ ಎಂಬ ಡಿಜಿಟಲ್ ಆಸಿಲೇಟರ್‌ನದಾದರೆ ವಿಸಿಎ ಕೂಡ ಬೇಡ. ಅದರ ಟ್ರಿಗರ್ ಇನ್‌ಪುಟ್ ಖಾಲಿ ಇದ್ದರೆ ಅದು ನಿಲ್ಲದೆ ಹಾಡುತ್ತಿರುತ್ತದೆ. ನಿಮ್ಮ ಗೇಟ್‌ಗೆ ಹೋಗುವ ಟ್ರಿಗರನ್ನೇ ಮಲ್ಟ್ ಮಾಡಿ, ಅಂದರೆ ಎರಡಾಗಿ ಕವಲೊಡೆಸಿ, ಅದಕ್ಕೂ ಚುಚ್ಚಿ. ಒಳಗಿರುವ ಡಿಜಿಟಲ್ ಲೋಪಾಸ್ ಗೇಟ್ ಎಚ್ಚರಗೊಂಡು ಪೆಟ್ಟುಗಳ ನಡುವೆ ಮೂಲವನ್ನೇ ಸುಮ್ಮನಾಗಿಸುತ್ತದೆ. ಡಿಕೇ, ಅಂದರೆ ಅದರ ಇಳಿಯುವ ಸಮಯ, ಸ್ವಲ್ಪ ಉದ್ದ ಇಡಿ.

ಹಂತ 8: ಟ್ರಿಮ್ಮರ್ ತಿರುಗಿಸುವುದು

ಟ್ರಿಮ್ಮರ್ ಎಂದರೆ ಬೋರ್ಡಿನ ಮೇಲೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ರೆಸಿಸ್ಟರ್. ಹಲವು ಗೇಟ್‌ಗಳಲ್ಲಿ ಎಲ್‌ಇಡಿಯ ಆಫ್‌ಸೆಟ್ ಹೊಂದಿಸಲು ಒಂದು ಇರುತ್ತದೆ. ನಿಮ್ಮ ಮಾಡ್ಯೂಲಿನಲ್ಲಿ ಯಾವುದು ಯಾವುದಕ್ಕೆ ಎಂಬುದನ್ನು ತಯಾರಕರ ಕೈಪಿಡಿ ನೋಡದೆ ಊಹಿಸಬೇಡಿ. ರೆಸೊನೆನ್ಸ್‌ನ ಟ್ರಿಮ್ಮರ್ ತಿರುಗಿಸಿ ಮಾಡ್ಯೂಲ್ ಶಿಳ್ಳೆ ಹೊಡೆಯುವಂತೆ ಮಾಡಿಕೊಂಡವರಿದ್ದಾರೆ. ವಾರಂಟಿ ಇದ್ದರೆ ಮೊದಲು ಮಾರಿದವರನ್ನು ಕೇಳಿ.

ತಿರುಗಿಸುವ ಮೊದಲು ಟ್ರಿಮ್ಮರ್‌ನ ಈಗಿನ ಸ್ಥಾನದ ಫೋಟೋ ತೆಗೆದಿಟ್ಟುಕೊಳ್ಳಿ. ಮಾಡ್ಯೂಲನ್ನು ಕೇಸಿನಿಂದ ಬಿಚ್ಚುವಾಗ ಪವರ್ ಆಫ್ ಇರಲಿ. ಮತ್ತೆ ಜೋಡಿಸುವಾಗ ರಿಬ್ಬನ್ ಕೇಬಲಿನ ಕೆಂಪು ಅಂಚು ಮೈನಸ್ 12 ವೋಲ್ಟ್ ಬದಿಗೆ. ಬೋರ್ಡಿನ ಮೇಲಿನ ಗುರುತನ್ನು ಎರಡು ಸಲ ನೋಡಿ. ಉಲ್ಟಾ ಚುಚ್ಚಿದರೆ ಸೋರಿಕೆಯ ಚಿಂತೆಯೇ ಉಳಿಯುವುದಿಲ್ಲ.

ಪವರ್ ಹಾಕಿ ಅರ್ಧ ಗಂಟೆ ಬಿಡಿ, ನಡುನಡುವೆ ಗೇಟ್ ತೆರೆದು ಮುಚ್ಚುತ್ತಿರಿ. ಎಲ್‌ಡಿಆರ್‌ಗೆ ನೆನಪಿದೆ. ಬಹಳ ದಿನ ಕತ್ತಲಲ್ಲಿದ್ದ ಎಲ್‌ಡಿಆರ್ ಬೆಳಕು ಕಂಡ ಮೊದಲ ಹೊತ್ತಿನಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಕೇಸನ್ನು ಆನ್ ಮಾಡಿದ ಕೂಡಲೇ ಟ್ರಿಮ್ಮರ್ ಹೊಂದಿಸಿದರೆ ನಾಳೆ ಮತ್ತೆ ಹೊಂದಿಸಬೇಕಾಗುತ್ತದೆ.

ಆಮೇಲೆ ಕಂಟ್ರೋಲ್ ಇನ್‌ಪುಟ್ ಖಾಲಿ, ನಾಬ್ ಸೊನ್ನೆ, ಸಾ-ಟೂತ್ ಅಲೆಯ ಮಂದ್ರ ಸ್ವರ ಇನ್‌ಪುಟ್‌ಗೆ. ಸೋರಿಕೆ ನಿಲ್ಲುವ ದಿಕ್ಕಿಗೆ ಟ್ರಿಮ್ಮರನ್ನು ಗಡಿಯಾರದ ಒಂದು ನಿಮಿಷದಷ್ಟು ತಿರುಗಿಸಿ, ಹತ್ತು ಹದಿನೈದು ಸೆಕೆಂಡ್ ಕಾಯಿರಿ, ಕೇಳಿ. ಮತ್ತೆ ತಿರುಗಿಸಿ. ಕಾಯದೆ ತಿರುಗಿಸುತ್ತಾ ಹೋದರೆ ಬಾಲವನ್ನು ಸೋರಿಕೆ ಎಂದುಕೊಂಡು ಗುರಿ ದಾಟಿಬಿಡುತ್ತೀರಿ. ಸೋರಿಕೆ ನಿಂತ ಕೂಡಲೇ ನಿಲ್ಲಿಸಿ, ನಾಬನ್ನು ನಿಧಾನಕ್ಕೆ ಏರಿಸಿ ನೋಡಿ. ಕಾಲು ಭಾಗ ಏರಿಸಿದರೂ ಸದ್ದೇ ಬರುತ್ತಿಲ್ಲವಾದರೆ ಅತಿಯಾಯಿತು, ಚೂರು ಹಿಂದಕ್ಕೆ ತನ್ನಿ. ಎರಡು ಚಾನೆಲ್‌ಗಳು ಒಂದೇ ಥರ ಮುಚ್ಚಬೇಕೆಂದು ಹಟ ಹಿಡಿಯಬೇಡಿ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ವ್ಯಾಕ್ಟ್ರೋಲ್‌ಗಳೂ ಒಂದೇ ಥರ ಇರುವುದಿಲ್ಲ.

ಹಂತ 9: ವ್ಯಾಕ್ಟ್ರೋಲೇ ಸೋರುತ್ತಿದ್ದರೆ

ಇದು ಬಹುತೇಕ ಕಿಟ್ ಕಟ್ಟಿದವರ, ಅದರಲ್ಲೂ ವ್ಯಾಕ್ಟ್ರೋಲನ್ನು ಕೈಯಲ್ಲೇ ಮಾಡಿಕೊಂಡವರ ಪಾಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಎಲ್‌ಇಡಿ, ಒಂದು ಎಲ್‌ಡಿಆರ್, ಒಂದು ಗೇಣು ಶಾಖಕ್ಕೆ ಕುಗ್ಗುವ ಕಪ್ಪು ಟ್ಯೂಬು ಕೊಂಡು ತಂದರೆ ವ್ಯಾಕ್ಟ್ರೋಲ್ ರೆಡಿ. ಕೆಲಸವೂ ಮಾಡುತ್ತದೆ. ಎರಡು ಕಡೆ ಎಡವುತ್ತದೆ.

ಮೊದಲನೆಯದು ಬೆಳಕು. ಟ್ಯೂಬಿನ ತುದಿಗಳಲ್ಲಿ, ಕಾಲುಗಳು ಹೊರಬರುವಲ್ಲಿ ಸಂದು ಉಳಿದಿರುತ್ತದೆ. ಮಾಡ್ಯೂಲ್ ಹೊರಗಿಟ್ಟು, ಗೇಟ್ ಮುಚ್ಚಿ, ಮೊಬೈಲ್ ಟಾರ್ಚನ್ನು ವ್ಯಾಕ್ಟ್ರೋಲ್ ಮೇಲೆ ಆಡಿಸಿ. ಸದ್ದು ಉಬ್ಬಿ ಇಳಿದರೆ ಬೆಳಕು ನುಗ್ಗುತ್ತಿದೆ. ಮೊದಲ ಟ್ಯೂಬಿನ ಮೇಲೆ ಇನ್ನೊಂದು ದಪ್ಪ ಟ್ಯೂಬು ಹಾಕಿ, ಕಾಯಿಸಿ, ತುದಿಗಳನ್ನು ಬಿಸಿ ಇರುವಾಗಲೇ ಇಕ್ಕಳದಿಂದ ಒತ್ತಿ ಮುಚ್ಚಿ. ಒತ್ತುವಾಗ ಕಾಲುಗಳು ಒಂದಕ್ಕೊಂದು ತಾಗಬಾರದು. ಕೇಸಿನೊಳಗೆ ಕತ್ತಲಲ್ಲವೇ ಎನ್ನಬೇಡಿ, ಪಕ್ಕದ ಮಾಡ್ಯೂಲ್‌ಗಳ ಎಲ್‌ಇಡಿಗಳು ಅಲ್ಲಿ ದೀಪಾವಳಿ ಮಾಡುತ್ತಿರುತ್ತವೆ.

ಎರಡನೆಯದು ಎಲ್‌ಡಿಆರ್‌ನ ಆಯ್ಕೆ. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಜಿಎಲ್5528ರ ಕತ್ತಲ ಪ್ರತಿರೋಧ 1 ಮೆಗಾಓಮ್ ಎಂದು ಅದರ ಕೋಷ್ಟಕವೇ ಹೇಳುತ್ತದೆ. 10 ಮೆಗಾಓಮ್‌ನ ವ್ಯಾಕ್ಟ್ರೋಲ್‌ಗೆ ಹೋಲಿಸಿದರೆ 20 ಡೆಸಿಬೆಲ್ ಹೆಚ್ಚು ಸೋರುತ್ತದೆ, ಎಷ್ಟು ಟೇಪು ಸುತ್ತಿದರೂ ಅಷ್ಟೇ. ಅಳೆದೇ ಕೊಳ್ಳಿ, ಇಲ್ಲವೇ ಹತ್ತು ಹದಿನೈದು ತಂದು ಮನೆಯಲ್ಲಿ ಆರಿಸಿ. ಬೋರ್ಡಿನಿಂದ ಹೊರಗಿರುವ ಎಲ್‌ಡಿಆರನ್ನು ಕಪ್ಪು ಡಬ್ಬಿಯಲ್ಲಿ ಮುಚ್ಚಿ, 20 ಮೆಗಾಓಮ್ ರೇಂಜ್ ಇರುವ ಮೀಟರಿನಲ್ಲಿ ಅರ್ಧ ನಿಮಿಷ ಕಾದು ಓದಿ. ಅಳೆಯುವಾಗ ಕಡ್ಡಿಗಳ ಲೋಹವನ್ನು ಬೆರಳಿನಿಂದ ಹಿಡಿಯಬೇಡಿ, ನಿಮ್ಮ ಮೈಯ ಪ್ರತಿರೋಧವೂ ಲೆಕ್ಕಕ್ಕೆ ಸೇರಿ ಎಲ್ಲ ಎಲ್‌ಡಿಆರ್‌ಗಳೂ ಕೆಟ್ಟವಾಗಿ ಕಾಣುತ್ತವೆ. ಬೋರ್ಡಿನಲ್ಲೇ ಇಟ್ಟು ಅಳೆದ ಓದಿಗೂ ಅರ್ಥವಿಲ್ಲ.

ಕಾರ್ಖಾನೆಯ ವ್ಯಾಕ್ಟ್ರೋಲ್ ಬದಲಿಸುವುದಾದರೆ ಎಲ್‌ಇಡಿ ಬದಿಯ ಕಾಲುಗಳಿಗೆ ಧನ, ಋಣ ಇದೆ, ಎಲ್‌ಡಿಆರ್ ಬದಿಯವಕ್ಕೆ ಇಲ್ಲ. ಬೆಸುಗೆ ಬೇಗ ಮುಗಿಸಿ, ಒಳಗಿನ ವಸ್ತು ಹೆಚ್ಚು ಶಾಖ ತಡೆಯುವುದಿಲ್ಲ. ಆ ವಸ್ತು ಕ್ಯಾಡ್ಮಿಯಂ ಸಲ್ಫೈಡ್, ಅಂದರೆ ವಿಷ. ಯುರೋಪಿನಲ್ಲಿ ಕ್ಯಾಡ್ಮಿಯಂ ಮೇಲೆ ಕಟ್ಟುನಿಟ್ಟಿನ ಮಿತಿ ಇದೆ. ಒಡೆದು ನೋಡುವ ಕುತೂಹಲ ಬೇಡ, ಹಳೆಯದನ್ನು ಅಡುಗೆಮನೆಯ ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ಈಗಾಗಲೇ ರೆಕಾರ್ಡ್ ಆಗಿಹೋಗಿದ್ದರೆ

ಕಂಪ್ಯೂಟರಿನಲ್ಲಿ ನಾಯ್ಸ್ ಗೇಟ್ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ಬಾಲದ ಕೊನೆಯನ್ನು ಕತ್ತರಿಸುವುದು ಕೇಳುತ್ತದೆ. ಎಕ್ಸ್‌ಪ್ಯಾಂಡರ್ ಅದಕ್ಕಿಂತ ಮೃದು. ಇದು ಸಣ್ಣ ಸದ್ದನ್ನು ಒಮ್ಮೆಲೇ ಕತ್ತರಿಸದೆ ಇನ್ನಷ್ಟು ಸಣ್ಣದಾಗಿಸುತ್ತದೆ. ಅನುಪಾತ 1:2, ರಿಲೀಸ್ 200 ಮಿಲಿಸೆಕೆಂಡ್‌ಗಿಂತ ಹೆಚ್ಚು ಇಟ್ಟು ಶುರುಮಾಡಿ. ಸೋರಿಕೆ ಬರೀ ಬೇಸ್‌ನಲ್ಲಿದ್ದರೆ ಹೈಪಾಸ್ ಫಿಲ್ಟರ್ ಒಂದೇ ಸಾಕಾಗಬಹುದು.

ಅದಕ್ಕೂ ಮೊದಲು ಆ ಟ್ರ್ಯಾಕನ್ನು ಒಂದೇ ಕೇಳುವುದು ಬಿಟ್ಟು ಉಳಿದೆಲ್ಲದರ ಜೊತೆ, ಸ್ಪೀಕರಿನಲ್ಲಿ, ಮಾಮೂಲಿ ವಾಲ್ಯೂಮಿನಲ್ಲಿ ಒಂದು ಸಲ ಕೇಳಿ. ಅಲ್ಲಿ ಸೋರಿಕೆ ಕೇಳಿಸದಿದ್ದರೆ ಎಕ್ಸ್‌ಪ್ಯಾಂಡರ್ ತೆಗೆದುಹಾಕಿ.